ಆಟೋಕ್ರಾಸ್ ಟೈಮು: ಮೊದಲು ಆ ಇನ್ನೊಂದು ಸ್ವಿಫ್ಟ್ ನೋಡಿ

ಪ್ರಶ್ನೆ: ನಾನು ಹಾಸನದವನು. ನಮ್ಮದು 14 ಕಾರುಗಳ ಸಣ್ಣ ಸ್ಪೋರ್ಟ್ಸ್ ಕಾರ್ ಕ್ಲಬ್. ಮಣ್ಣಿನ ಮೈದಾನದಲ್ಲಿ ಕೋನ್ ಇಟ್ಟು ಆಟೋಕ್ರಾಸ್ ಓಡಿಸುತ್ತೇವೆ, ಅಂದರೆ ಒಂದೊಂದೇ ಕಾರು ಕೋರ್ಸ್ ಸುತ್ತಿ ಬರುವ ಟೈಮಿನ ಸ್ಪರ್ಧೆ. ಒಬ್ಬೊಬ್ಬರಿಗೆ ಮೂರು ರನ್, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಕೋನ್ ಬಿದ್ದರೆ 2 ಸೆಕೆಂಡ್ ಪೆನಾಲ್ಟಿ. ನನ್ನದು 1.2 ಪೆಟ್ರೋಲ್ ಸ್ವಿಫ್ಟ್. ಇದುವರೆಗೆ ನಡೆದ ನಾಲ್ಕು ಸಲವೂ ಗೆಳೆಯನ ಪೋಲೊ ಜಿಟಿ ಟಿಎಸ್‌ಐ ನನ್ನನ್ನು ಸೋಲಿಸಿದೆ. ಎರಡೂ 1197 ಸಿಸಿ, ಹಾಗಾಗಿ ಒಂದೇ ಕ್ಲಾಸ್. ಮೂರನೇ ಸಲ ಅಂತರ 3.6 ಸೆಕೆಂಡ್ ಆಯಿತು, ತುಂಬ ಬೇಜಾರಾಯಿತು. ನಾನು ಸುಧಾರಿಸುತ್ತಿದ್ದೇನಾ, ಇಲ್ವಾ? ಕಾರಿನ ಕ್ಲಾಸಿಗೆ ತಕ್ಕಂತೆ ಟೈಮ್ ಸರಿಹೊಂದಿಸುವ ಅಮೆರಿಕದವರ ಇಂಡೆಕ್ಸ್ ಪಟ್ಟಿ ತಂದು ಹಾಕಿಕೊಂಡರೆ ಎಲ್ಲ ಸರಿಹೋಗುತ್ತೆ ಅಂತ ಕ್ಲಬ್ಬಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಕಾರು ಗೆರೆ ದಾಟಿದ ಕ್ಷಣವನ್ನು ತಾನೇ ಹಿಡಿಯುವ ಟೈಮಿಂಗ್ ಲೈಟ್ ಕೊಳ್ಳಲು ನಮ್ಮಲ್ಲಿ ದುಡ್ಡಿಲ್ಲ. ನಾಲ್ಕೂ ದಿನದ ಪೂರ್ತಿ ಪಟ್ಟಿ ಕಳಿಸಿದ್ದೇನೆ.

ಉತ್ತರ: ಸುಧಾರಿಸಿದ್ದೀರಿ. ಚೆನ್ನಾಗಿಯೇ ಸುಧಾರಿಸಿದ್ದೀರಿ. ನೀವು ಕಳಿಸಿದ ಪಟ್ಟಿಯಲ್ಲೇ ಅದು ಇದೆ, ಆದರೆ ನಿಮ್ಮ ಕಣ್ಣು ಪೂರ್ತಿ ಪೋಲೊ ಮೇಲೆ ಇದ್ದದ್ದರಿಂದ ಕಾಣಿಸಿಲ್ಲ.

ಮೊದಲು ಆ 3.6 ಸೆಕೆಂಡ್ ವಿಷಯ ಮುಗಿಸೋಣ. ನಿಮ್ಮ ನಾಲ್ಕು ಟೈಮ್ 74.2, 61.8, 92.5, 66.0. ಪೋಲೊದ್ದು 70.9, 59.6, 88.9, 63.9. ಸೆಕೆಂಡಿನಲ್ಲಿ ಅಂತರ 3.3, 2.2, 3.6, 2.1. ಹೀಗೆ ನೋಡಿದರೆ ಮೂರನೆಯದೇ ಕೆಟ್ಟದ್ದು ಅನ್ನಿಸುತ್ತೆ. ಆದರೆ ಮೂರನೇ ದಿನದ ಕೋರ್ಸ್ ಒಂದೂವರೆ ನಿಮಿಷದ್ದು, ಎರಡನೆಯದು ಒಂದು ನಿಮಿಷದ್ದು. ಉದ್ದದ ಕೋರ್ಸಿನಲ್ಲಿ ಅಂತರಕ್ಕೂ ಬೆಳೆಯಲು ಜಾಗ ಜಾಸ್ತಿ. ನಿಮ್ಮ ಟೈಮನ್ನು ಅವರ ಟೈಮಿನಿಂದ ಭಾಗಿಸಿ ನೋಡಿ: ಮೊದಲ ದಿನ ನೀವು ಶೇ 4.7 ಹಿಂದೆ, ಆಮೇಲೆ 3.7, ಆಮೇಲೆ 4.0, ಕೊನೆಗೆ 3.3. ನೀವು ಬೇಜಾರು ಮಾಡಿಕೊಂಡ ದಿನ ಮೊದಲ ದಿನಕ್ಕಿಂತ ಚೆನ್ನಾಗಿಯೇ ಓಡಿಸಿದ್ದೀರಿ. ರ‍್ಯಾಲಿಯವರು ಕಿಲೊಮೀಟರಿಗೆ ಎಷ್ಟು ಸೆಕೆಂಡ್ ಅಂತ ಲೆಕ್ಕ ಹಾಕುತ್ತಾರೆ, ಅಲ್ಲಿ ಸ್ಟೇಜಿನ ಉದ್ದ ಅಳೆದು ಬರೆದಿರುತ್ತದೆ. ಮೈದಾನದ ಆಟೋಕ್ರಾಸಿನಲ್ಲಿ ಉದ್ದವನ್ನು ಯಾರೂ ಸರಿಯಾಗಿ ಅಳೆಯಲ್ಲ. ಹಾಗಾಗಿ ನಮಗೆ ಶೇಕಡಾ ಲೆಕ್ಕವೇ ಸರಿ.

ಇನ್ನು ಪೋಲೊ ಬಗ್ಗೆ. ಎರಡೂ 1197 ಸಿಸಿ ಅನ್ನುವುದು ನಿಜ, ಆದರೆ ಅದು ಒಂದೇ ಕ್ಲಾಸಿಗೆ ಹಾಕಲು ಕಾರಣ ಅಲ್ಲ. ಪೋಲೊದಲ್ಲಿ ಟರ್ಬೊ ಇದೆ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ. ಅಂತಾರಾಷ್ಟ್ರೀಯ ಮೋಟಾರು ಕ್ರೀಡೆ ನಡೆಸುವ ಎಫ್‌ಐಎ, ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸಿ ಆಮೇಲೆ ಕ್ಲಾಸ್ ನೋಡುತ್ತದೆ. 1197ನ್ನು ಗುಣಿಸಿದರೆ 2035 ಬರುತ್ತದೆ. ಅಂದರೆ ಆ ಲೆಕ್ಕದಲ್ಲಿ ನಿಮ್ಮ ಗೆಳೆಯರು ಎರಡು ಲೀಟರಿಗಿಂತ ದೊಡ್ಡ ಕಾರು ಓಡಿಸುತ್ತಿದ್ದಾರೆ! ಟರ್ಬೊ ಡೀಸೆಲ್‌ಗೆ 1.5. ನಿಮ್ಮ ಪಟ್ಟಿಯಲ್ಲಿ ಒಂದು ಡೀಸೆಲ್ ಸ್ವಿಫ್ಟೂ ಇದೆ, ಅದರ 1248 ಸಿಸಿ ಈ ಲೆಕ್ಕಕ್ಕೆ 1872 ಆಗುತ್ತದೆ. ಪೋಲೊದ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 175 ಎನ್‌ಎಂ, ನಿಮ್ಮದು 115ರ ಆಸುಪಾಸು. ಅದರ ಜೊತೆಗೆ ತಾನೇ ಗೇರ್ ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸ್, ಸ್ಲಾಲಮ್ (ಕೋನ್‌ಗಳ ನಡುವೆ ಅಂಕುಡೊಂಕಾಗಿ ಓಡುವ ಭಾಗ) ಮಧ್ಯೆ ಗೇರ್ ತಪ್ಪುವ ಪ್ರಶ್ನೆಯೇ ಇಲ್ಲ. ಭಾರ ಜಾಸ್ತಿ, ಅದೊಂದು ಮಾತ್ರ ನಿಮಗೆ ಅನುಕೂಲ. ಮುಂದಿನ ಮೀಟಿಂಗಿನಲ್ಲಿ ಈ 1.7, 1.5ರ ವಿಷಯ ಎತ್ತಿ. ಇದರಿಂದ ಎಲ್ಲ ಸರಿಹೋಗುತ್ತೆ ಅಂತಲ್ಲ, ಆದರೆ ಈಗಿರುವ ಅನ್ಯಾಯದಲ್ಲಿ ದೊಡ್ಡ ಪಾಲು ಕಡಿಮೆ ಆಗುತ್ತದೆ.

ಈಗ ಆ ಇನ್ನೊಂದು ಸ್ವಿಫ್ಟಿಗೆ ಬರೋಣ. ಪಟ್ಟಿಯಲ್ಲಿ ನಿಮ್ಮದೇ ಮಾದರಿಯ, ನಿಮ್ಮದೇ ಎಂಜಿನ್ನಿನ ಬಿಳಿ ಸ್ವಿಫ್ಟ್ ಒಂದು ನಾಲ್ಕೂ ದಿನ ಓಡಿದೆ. ಅದರ ಬಗ್ಗೆ ನೀವು ಪತ್ರದಲ್ಲಿ ಒಂದು ಮಾತೂ ಬರೆದಿಲ್ಲ. ಅವರ ಟೈಮ್ 73.0, 61.2, 91.6, 66.4. ನೀವು ಮೊದಲ ದಿನ ಅವರಿಗಿಂತ ಶೇ 1.6 ಹಿಂದೆ ಇದ್ದಿರಿ. ಎರಡನೇ ದಿನ ಮತ್ತು ಮೂರನೇ ದಿನ ಶೇ 1.0 ಹಿಂದೆ. ನಾಲ್ಕನೇ ದಿನ ಶೇ 0.6 ಮುಂದೆ. ಒಂದೇ ಕಾರು, ಒಂದೇ ದಿನ, ಒಂದೇ ಮಣ್ಣು. ಕ್ಲಬ್ ಮಟ್ಟದಲ್ಲಿ ಇದಕ್ಕಿಂತ ಒಳ್ಳೆ ಅಳತೆಗೋಲು ಸಿಗುವುದು ಕಷ್ಟ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಆದರೆ ಒಂದೇ ಮಣ್ಣು ಅಂತ ಸುಲಭವಾಗಿ ಹೇಳಿಬಿಟ್ಟೆ. ಅದನ್ನೇ ಸ್ವಲ್ಪ ಕೆದಕಬೇಕು, ಯಾಕೆಂದರೆ ನಮ್ಮ ಕಡೆಯ ಆಟೋಕ್ರಾಸಿನಲ್ಲಿ ಅರ್ಧ ಫಲಿತಾಂಶ ಬರೆಯುವುದೇ ಮಣ್ಣು. ನಾನು ಇಲ್ಲಿ ಚಿಕ್ಕಮಗಳೂರಿನಲ್ಲಿ ಹದಿನೈದು ವರ್ಷದಿಂದ ಟೈಮ್ ಹಿಡಿಯುವ, ಫಲಿತಾಂಶದ ಪಟ್ಟಿ ಮಾಡುವ ಕೆಲಸ ಮಾಡುತ್ತಾ ಬಂದಿದ್ದೇನೆ. ಒಣಗಿದ ಕೆಮ್ಮಣ್ಣಿನ ಮೈದಾನ ಅಂದರೆ ಮೇಲೊಂದು ಪದರ ನೊರಜುಗಲ್ಲು, ಕೆಳಗೆ ಗಟ್ಟಿ ನೆಲ. ಮೊದಲು ಹೋಗುವ ಕಾರು ಆ ನೊರಜಿನ ಮೇಲೆ ಗೋಲಿ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಅದು ಗುಡಿಸಿಕೊಟ್ಟ ದಾರಿಯಲ್ಲಿ ಎರಡನೆಯದು ಹೋಗುತ್ತದೆ, ಮೂರನೆಯದಕ್ಕೆ ಇನ್ನೂ ಸ್ವಲ್ಪ ಅನುಕೂಲ, ಐದಾರು ಕಾರು ಹೋಗುವಷ್ಟರಲ್ಲಿ ಕಪ್ಪಗೆ ಒಂದು ಲೈನ್ ಬಿದ್ದಿರುತ್ತದೆ, ಅದರ ಮೇಲೆ ಹೋದವರಿಗೆ ಟಯರ್ ನೆಲ ಕಚ್ಚುತ್ತದೆ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲೂ ಇದೇ ಕಥೆ. ಅಂಕಪಟ್ಟಿಯಲ್ಲಿ ಮುಂದೆ ಇರುವವರು ಮೊದಲ ದಿನ ಮೊದಲು ಹೊರಡಬೇಕು, ಒಣ ಮಣ್ಣಿನ ರ‍್ಯಾಲಿಗಳಲ್ಲಿ ಅವರು ದಿನವಿಡೀ ಬೇರೆಯವರಿಗೆ ರಸ್ತೆ ಗುಡಿಸಿಕೊಡುತ್ತಾರೆ.

ಹಾಗಂತ ಮೊದಲು ಹೋದವರಿಗೆ ಯಾವಾಗಲೂ ನಷ್ಟ ಅಂತ ತಿಳಿಯಬೇಡಿ. ಡಿಸೆಂಬರಿನ ಬೆಳಿಗ್ಗೆ ಇಬ್ಬನಿ ಬಿದ್ದ ಮಣ್ಣು ಅಷ್ಟೇ ತೇವ ಹಿಡಿದಿರುತ್ತದೆ, ಧೂಳಿರಲ್ಲ, ಗ್ರಿಪ್ ಚೆನ್ನಾಗಿರುತ್ತದೆ. ಹನ್ನೊಂದು ಗಂಟೆ ಬಿಸಿಲಿಗೆ ಅದೇ ನೆಲ ಪುಡಿಪುಡಿ ಆಗುತ್ತದೆ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೇ ದಿನ ಮಾಡಿದರೆ ಇನ್ನೊಂದು ರೀತಿ. ಮಳೆ ಬರುತ್ತಿರುವಾಗ ಮಾಡಿದರೆ ಎಲ್ಲ ತಿರುಗಾಮುರುಗಾ, ಮೊದಲ ನಾಲ್ಕು ಕಾರಿಗೆ ನೆಲ ಸಿಗುತ್ತದೆ, ಆಮೇಲಿನವರು ಕೆಸರಿನಲ್ಲಿ ಉಳುಮೆ ಮಾಡಬೇಕು. ಮಧ್ಯಾಹ್ನ ಟ್ಯಾಂಕರಿನಲ್ಲಿ ನೀರು ಹೊಡೆಸುವ ಕ್ಲಬ್ಬುಗಳೂ ಇವೆ. ನೀರು ಹೊಡೆದ ತಕ್ಷಣ ಹೋದವರಿಗೆ ಒಂದು ನ್ಯಾಯ, ಅರ್ಧ ಗಂಟೆ ಬಿಟ್ಟು ಹೋದವರಿಗೆ ಇನ್ನೊಂದು ನ್ಯಾಯ. ಕೊನೆಕೊನೆಗೆ ತಿರುವುಗಳಲ್ಲಿ ಕೊರಕಲು ಬಿದ್ದು ಅಡಿಯ ಕಲ್ಲು ಎದ್ದಿರುತ್ತದೆ, ಆಗ ಗಿಡ್ಡ ಕಾರುಗಳಿಗೆ ಹೊಟ್ಟೆ ತಾಗುತ್ತದೆ.

ಈ ದೃಷ್ಟಿಯಿಂದ ನಿಮ್ಮ ನಾಲ್ಕನೇ ದಿನವನ್ನು ನೋಡಿ. ಬಿಳಿ ಸ್ವಿಫ್ಟ್ ಎರಡನೆಯದಾಗಿ ಹೊರಟಿದೆ, ನೀವು ಹನ್ನೊಂದನೆಯವರು. ನೀವೇ ಪಟ್ಟಿಯ ಪಕ್ಕದಲ್ಲಿ ಒಣ ನೆಲ, ಧೂಳು ಅಂತ ಬರೆದಿದ್ದೀರಿ. ಅವರ ಮೂರು ರನ್ 68.9, 67.0, 66.4. ನಿಮ್ಮದು 67.1, ಆಮೇಲೆ ಕೋನ್ ಬಿದ್ದ 64.9, ಆಮೇಲೆ 66.0. ಮೊದಲ ರನ್ನಿನಲ್ಲಿ ನೀವು 1.8 ಸೆಕೆಂಡ್ ಮುಂದೆ ಇದ್ದಿರಿ. ಅದರಲ್ಲಿ ಬಹುಪಾಲು ನಿಮ್ಮದಲ್ಲ, ಅವರು ನೊರಜು ಗುಡಿಸಿದ್ದರ ಲಾಭ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಇಪ್ಪತ್ತೆಂಟು ರನ್ ಆಗಿ ಲೈನ್ ಪೂರ್ತಿ ಬಿದ್ದಿರುತ್ತದೆ, ಅಲ್ಲಿ ಯಾರು ಮೊದಲು ಯಾರು ಆಮೇಲೆ ಅನ್ನುವುದಕ್ಕೆ ಅಷ್ಟು ಬೆಲೆ ಇಲ್ಲ. ಮೂರನೇ ಸುತ್ತಿನಲ್ಲಿ ನಿಮ್ಮಿಬ್ಬರ ಅಂತರ 0.4 ಸೆಕೆಂಡ್.

ಈ 0.4ನ್ನು ಎಷ್ಟು ನಂಬಬಹುದು? ನಿಮ್ಮ ಪಟ್ಟಿಯಲ್ಲಿ ಟೈಮ್ ಹತ್ತನೇ ಒಂದು ಸೆಕೆಂಡಿಗೆ ನಿಂತಿದೆ, ಅಂದರೆ ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು ತೆಗೆದದ್ದು. ಮನುಷ್ಯನ ಕಣ್ಣು ನೋಡಿ ಬೆರಳು ಒತ್ತಲು ಸುಮಾರು 0.2 ಸೆಕೆಂಡ್ ಬೇಕು. ಹೊರಡುವಾಗಲೂ ತಡ, ಮುಗಿಯುವಾಗಲೂ ತಡ, ಎರಡೂ ಒಂದಕ್ಕೊಂದು ವಜಾ ಆಗುತ್ತೆ ಅಂತ ಹೇಳುತ್ತಾರೆ. ಪೂರ್ತಿ ಆಗಲ್ಲ. ಹೊರಡುವ ಕಾರು ಯಾವಾಗ ಅಲುಗುತ್ತೆ ಅಂತ ಗೊತ್ತಿರಲ್ಲ, ಹಾಗಾಗಿ ತಡವಾಗುತ್ತದೆ. ಬರುವ ಕಾರು ದೂರದಿಂದಲೇ ಕಾಣುತ್ತಿರುತ್ತದೆ, ಬೆರಳು ಮುಂಚೆಯೇ ಸಿದ್ಧವಾಗಿರುತ್ತದೆ. ಒಂದು ಸಲ ನಾನು ಮತ್ತು ನನ್ನ ಜೊತೆಗಾರ ಒಂದೇ ಗೇಟಿನಲ್ಲಿ ನಿಂತು ಇಡೀ ದಿನ ಬೇರೆಬೇರೆ ವಾಚ್ ಹಿಡಿದೆವು. ಸಂಜೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಒಂದೇ ರನ್ನಿಗೆ 0.3 ಸೆಕೆಂಡ್ ವ್ಯತ್ಯಾಸ ಹಲವು ಕಡೆ ಇತ್ತು. ಆ ದಿನ ಎರಡನೇ, ಮೂರನೇ ಸ್ಥಾನದ ನಡುವೆ ಇದ್ದದ್ದು 0.1. ಟ್ರೋಫಿ ಯಾರದು ಅಂತ ನಮ್ಮ ಬೆರಳು ತೀರ್ಮಾನ ಮಾಡಿತ್ತು. ಅದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಆವತ್ತಿನಿಂದ ಕೈವಾಚಿನ ದಿನ 0.3ರ ಒಳಗಿನ ಅಂತರವನ್ನು ನಾನು ಸಮ ಅಂತಲೇ ಓದುತ್ತೇನೆ.

ನಿಮ್ಮ 0.4 ಆ ಮಿತಿಯನ್ನು ಸ್ವಲ್ಪವೇ ದಾಟಿದೆ. ಹಾಗಾಗಿ ನಾಲ್ಕನೇ ದಿನ ನೀವು ಬಿಳಿ ಸ್ವಿಫ್ಟನ್ನು ಸೋಲಿಸಿದಿರಿ ಅಂತ ನಾನು ಹೇಳಲ್ಲ. ಅವರ ಸಮಕ್ಕೆ ಬಂದಿರಿ ಅಂತ ಧೈರ್ಯವಾಗಿ ಹೇಳುತ್ತೇನೆ. ಶೇ 1.6 ಹಿಂದೆ ಇದ್ದವರು ನಾಲ್ಕೇ ದಿನದಲ್ಲಿ ಸಮಕ್ಕೆ ಬರುವುದು ಸಣ್ಣ ಮಾತಲ್ಲ.

ಪಟ್ಟಿಯಲ್ಲಿ ನನಗೆ ಎದ್ದು ಕಂಡದ್ದು ಮಾತ್ರ ಬೇರೆ. ಆ 64.9. ಕೋನ್ ಬಿದ್ದದ್ದರಿಂದ ಅದು 66.9 ಆಯಿತು, ಫಲಿತಾಂಶಕ್ಕೆ ಬರಲೇ ಇಲ್ಲ, ನೀವೂ ಮರೆತುಬಿಟ್ಟಿದ್ದೀರಿ. ನಾನು 14 ಕಾರುಗಳ ಮೊದಲ ಮತ್ತು ಎರಡನೇ ರನ್ ಕಳೆದು ನೋಡಿದೆ. ನೆಲ ಸುಧಾರಿಸಿದ್ದರಿಂದ ಹೆಚ್ಚುಕಡಿಮೆ ಎಲ್ಲರದ್ದೂ ಇಳಿದಿದೆ, ಸಾಲಿನಲ್ಲಿ ನಡುವೆ ಬರುವವರು ಇಳಿಸಿದ್ದು 0.9 ಸೆಕೆಂಡ್. ನೀವು ಇಳಿಸಿದ್ದು 2.2. ಹೆಚ್ಚಿನ 1.3 ಸೆಕೆಂಡ್ ನೆಲದಿಂದ ಬಂದದ್ದಲ್ಲ. ಕೋನ್‌ಗೆ ತಾಗಿಸಿಕೊಂಡು ಹೋದರೆ ದಾರಿ ಸ್ವಲ್ಪ ಹತ್ತಿರ ಆಗುತ್ತದೆ ನಿಜ, ಅದರಿಂದ ಒಂದಿಷ್ಟು ಉಳಿದಿರಬಹುದು. ಒಂದು ಕೋನಿನಿಂದ ಸೆಕೆಂಡಿಗಿಂತ ಜಾಸ್ತಿ ಉಳಿಯಲ್ಲ. ಅಂದರೆ ಆ ರನ್ನಿನಲ್ಲಿ ನೀವು ಏನೋ ಸರಿಯಾಗಿ ಮಾಡಿದ್ದೀರಿ. ಬ್ರೇಕ್ ಬೇಗ ಬಿಟ್ಟಿರಾ, ಎರಡನೇ ಗೇರಿನಲ್ಲೇ ಉಳಿದಿರಾ, ಸ್ಲಾಲಮ್‌ಗೆ ಹೋಗುವ ಮುಂಚೆಯೇ ಸ್ಟೇರಿಂಗ್ ತಿರುಗಿಸಿದಿರಾ, ನೆನಪು ಮಾಡಿಕೊಳ್ಳಿ. ಆಮೇಲೆ ಮೂರನೇ ರನ್ನಿನಲ್ಲಿ ಕೋನಿಗೆ ಹೆದರಿ ದೂರದಿಂದ ಸುತ್ತಿ ಬಂದಿದ್ದೀರಿ, 66.0 ಅನ್ನುವ ಅಂಕಿಯೇ ಅದನ್ನು ಹೇಳುತ್ತದೆ. ಪೋಲೊದ 63.9ರ ಎದುರು 64.9 ಅಂದರೆ ಶೇ 1.6 ಮಾತ್ರ ಹಿಂದೆ. ಟರ್ಬೊ ಕಾರಿಗೆ!

ಇದಕ್ಕೇ ನಾನು ಎಲ್ಲ ಕ್ಲಬ್ಬಿನವರಿಗೂ ಹೇಳುವುದು, ಬರಿಯ ಒಳ್ಳೆ ರನ್ ಒಂದನ್ನೇ ಬರೆದಿಡಬೇಡಿ. ಮೂರೂ ರನ್ ಬರೆಯಿರಿ, ಪೆನಾಲ್ಟಿಯನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಒಳ್ಳೆ ರನ್ ಅನ್ನುವುದು ಒಮ್ಮೊಮ್ಮೆ ಅದೃಷ್ಟ. ಮೂರರಲ್ಲಿ ನಡುವಿನದು ಏನು ಅಂತ ನೋಡಿದರೆ ಆ ದಿನ ಮನುಷ್ಯ ನಿಜವಾಗಿ ಹೇಗೆ ಓಡಿಸಿದ ಅಂತ ಗೊತ್ತಾಗುತ್ತದೆ. ನಮ್ಮ ತೋಟದವರು ಮಳೆ ಲೆಕ್ಕ ಇಡುವುದನ್ನು ನೋಡಿದ್ದೀರಲ್ವಾ? ಮಳೆಮಾಪಕದ ನೀರನ್ನು ದಿನಾ ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು) ಲೆಕ್ಕದಲ್ಲಿ ಪುಸ್ತಕಕ್ಕೆ ಹತ್ತಿಸುತ್ತಾರೆ, ಮಳೆ ಬಾರದ ದಿನ ಸೊನ್ನೆ ಅಂತಾದರೂ ಬರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಆ ಪುಸ್ತಕ ಇದೆ. ಈ ವರ್ಷ ಫಸಲು ಕಡಿಮೆ ಆಯಿತು ಅಂದರೆ ಮೊದಲು ತೆಗೆಯುವುದು ಅದನ್ನೇ, ಹೂಮಳೆ ಯಾವತ್ತು ಬಿತ್ತು, ಅದರ ನಂತರ ಬರಬೇಕಾದ ಬ್ಯಾಕಿಂಗ್ ಮಳೆ ಬಂತಾ ಇಲ್ವಾ ಅಂತ. ಆಟೋಕ್ರಾಸಿನ ಪಟ್ಟಿಗೂ ಅಂಥದ್ದೇ ನಾಲ್ಕು ಮಾತು ಬೇಕು: ನೆಲ ಒಣಗಿತ್ತಾ ತೇವ ಇತ್ತಾ, ಯಾರು ಎಷ್ಟನೆಯವರಾಗಿ ಹೊರಟರು, ಯಾವ ಟಯರ್, ಪಕ್ಕದಲ್ಲಿ ಯಾರಾದರೂ ಕೂತಿದ್ದರಾ. ಪಕ್ಕದ ಸೀಟಿನವರ ಬಗ್ಗೆ ಯಾರೂ ಯೋಚಿಸಲ್ಲ. 900 ಕಿಲೊ ಆಸುಪಾಸಿನ ಕಾರಿನಲ್ಲಿ 70 ಕಿಲೊ ಮನುಷ್ಯ ಕೂತರೆ ಭಾರ ಹತ್ತಿರ ಹತ್ತಿರ ಶೇ 8 ಏರಿತು.

ಅಮೆರಿಕದ ಇಂಡೆಕ್ಸ್ ಪಟ್ಟಿ ಬಗ್ಗೆ. 1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದವರು ಆಟೋಕ್ರಾಸನ್ನು ಸೋಲೊ ಅನ್ನುತ್ತಾರೆ. ಅಲ್ಲಿ ಕೋನಿಗೆ ನಿಮ್ಮ ಹಾಗೇ 2 ಸೆಕೆಂಡ್. ಕೋನ್ ಸುತ್ತ ನೆಲದಲ್ಲಿ ಚೌಕ ಬರೆದಿರುತ್ತಾರೆ, ಕೋನ್ ಬಿದ್ದರೆ ಅಥವಾ ಚೌಕದಿಂದ ಪೂರ್ತಿ ಆಚೆ ಹೋದರೆ ಮಾತ್ರ ಪೆನಾಲ್ಟಿ, ನಿಂತುಕೊಂಡು ಗೆರೆ ಮುಟ್ಟುತ್ತಿದ್ದರೆ ಇಲ್ಲ. ಇದೊಂದು ನಿಯಮವನ್ನು ನೀವು ಧಾರಾಳವಾಗಿ ತಗೊಳ್ಳಿ, ಜಗಳ ಅರ್ಧ ಕಡಿಮೆ ಆಗುತ್ತದೆ. ಬೇರೆಬೇರೆ ಕ್ಲಾಸಿನವರನ್ನು ಹೋಲಿಸಲು ಅಲ್ಲಿ ಪ್ಯಾಕ್ಸ್ ಅನ್ನುವ ಇಂಡೆಕ್ಸ್ ಬಳಸುತ್ತಾರೆ. ಒಂದೊಂದು ಕ್ಲಾಸಿಗೆ ಒಂದು ಸಂಖ್ಯೆ. ತುಂಬ ವೇಗದ ಏ ಮಾಡಿಫೈಡ್ ಕ್ಲಾಸಿಗೆ 1.000, ಉಳಿದವರಿಗೆ ಅದಕ್ಕಿಂತ ಕಡಿಮೆ, ಸಾಧಾರಣ ಸಣ್ಣ ಕಾರುಗಳ ಕ್ಲಾಸಿಗೆ 0.78ರ ಆಸುಪಾಸು. ಓಡಿದ ಟೈಮನ್ನು ಅದರಿಂದ ಗುಣಿಸುತ್ತಾರೆ. ಒಬ್ಬರು 60.0 ಸೆಕೆಂಡಿನಲ್ಲಿ ಮುಗಿಸಿ ಅವರ ಸಂಖ್ಯೆ 0.78 ಅಂತಿಟ್ಟುಕೊಳ್ಳಿ, 46.80 ಬಂತು. ಇನ್ನೊಬ್ಬರು 58.0ರಲ್ಲಿ ಮುಗಿಸಿ ಸಂಖ್ಯೆ 0.82 ಇದ್ದರೆ 47.56. ಎರಡು ಸೆಕೆಂಡ್ ನಿಧಾನ ಓಡಿದವರು ಗೆದ್ದರು.

ಉಪಾಯ ಚೆನ್ನಾಗಿದೆ. ಅವರ ಸಂಖ್ಯೆಗಳನ್ನು ಮಾತ್ರ ಹಾಸನಕ್ಕೆ ತರಬೇಡಿ. ಅವು ಡಾಂಬರು, ಕಾಂಕ್ರೀಟು ಮೈದಾನದಲ್ಲಿ, ಅವರ ಕಾರುಗಳನ್ನು, ಅವರ ಟಯರ್ ನಿಯಮದಲ್ಲಿ ವರ್ಷಗಟ್ಟಲೆ ಓಡಿಸಿ ಬಂದ ಫಲಿತಾಂಶದಿಂದ ತೆಗೆದವು, ವರ್ಷ ವರ್ಷ ತಿದ್ದುತ್ತಲೂ ಇರುತ್ತಾರೆ. ನಮ್ಮ ಜಿಪ್ಸಿಗೆ, ಎಸ್ಟೀಮಿಗೆ ಅಲ್ಲಿ ಸಂಖ್ಯೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ನೊರಜಿನ ಮೇಲೆ ಟರ್ಬೊದ ಟಾರ್ಕ್ ಎಷ್ಟೋ ಸಲ ಚಕ್ರ ತಿರುಗಿಸಿ ವ್ಯರ್ಥ ಆಗುತ್ತದೆ, ಡಾಂಬರಿನಲ್ಲಿ ಅದೇ ಟಾರ್ಕ್ ಕಾರನ್ನು ಮುಂದಕ್ಕೆ ನೂಕುತ್ತದೆ. ನಿಮ್ಮ ಸಂಖ್ಯೆ ನಿಮ್ಮ ಮಣ್ಣಿನಿಂದಲೇ ಬರಬೇಕು. ಎರಡು ಮೂರು ವರ್ಷದ ಪಟ್ಟಿ ಕೂಡಿದ ಮೇಲೆ ಆ ಕೆಲಸ ಮಾಡಿ, ನಾನೂ ಕೂತು ಸಹಾಯ ಮಾಡುತ್ತೇನೆ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಒಂದೇ ಮಧ್ಯಾಹ್ನದಲ್ಲಿ ಕಾರೆಷ್ಟು ಮನುಷ್ಯನೆಷ್ಟು ಅಂತ ತಿಳಿಯುವ ದಾರಿ ಇದೆ. ಕಾರು ಬದಲಾಯಿಸಿಕೊಳ್ಳಿ. ಸ್ಪರ್ಧೆ ಮುಗಿದ ಮೇಲೆ ಕೋನ್ ತೆಗೆಯುವ ಮುಂಚೆ ನಿಮ್ಮ ಸ್ವಿಫ್ಟನ್ನು ನಿಮ್ಮ ಗೆಳೆಯರಿಗೆ ಕೊಡಿ. ಕ್ರಮ ಮುಖ್ಯ: ಮೊದಲು ನೀವು, ಆಮೇಲೆ ಅವರು, ಮತ್ತೆ ಅವರು, ಕೊನೆಗೆ ನೀವು. ನಿಮ್ಮ ಎರಡರ ಸರಾಸರಿ, ಅವರ ಎರಡರ ಸರಾಸರಿ. ಹೀಗೆ ಮಾಡಿದರೆ ನೆಲ ಸುಧಾರಿಸುತ್ತಾ ಹೋಗಲಿ, ಕೆಡುತ್ತಾ ಹೋಗಲಿ, ಅದರ ಪಾಲು ಇಬ್ಬರಿಗೂ ಸರಿಸುಮಾರು ಸಮ ಬೀಳುತ್ತದೆ. ಆಮೇಲೆ ಪೋಲೊದಲ್ಲೂ ಇದೇ ಕ್ರಮ. ಸ್ವಿಫ್ಟಿನಲ್ಲಿ ಅವರು ನಿಮಗಿಂತ ಎಷ್ಟು ಬೇಗ ಬಂದರೋ ಅಷ್ಟು ಮಾತ್ರ ನೀವು ಕಲಿಯಬೇಕಾದ್ದು. ಉಳಿದದ್ದು ಕಾರಿನದು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕಾರು ಕೊಡಲು ಮನಸ್ಸು ಒಪ್ಪದಿದ್ದರೆ ಬಿಳಿ ಸ್ವಿಫ್ಟಿನವರ ಜೊತೆ ಮಾಡಿ, ಅವರಿಗೂ ಖುಷಿ ಆಗುತ್ತದೆ.

ಟೈಮಿಂಗ್ ಲೈಟ್ ಕೊಳ್ಳಲು ದುಡ್ಡಿಲ್ಲ ಅಂತಲೂ ಬರೆದಿದ್ದೀರಿ. ಸ್ಟಾರ್ಟ್ ಮತ್ತು ಫಿನಿಶ್ ಗೇಟನ್ನು ಪಕ್ಕಪಕ್ಕ ಇಟ್ಟು, ಎರಡೂ ಕಾಣುವ ಹಾಗೆ ಒಂದು ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 60 ಫ್ರೇಮ್ ಇಟ್ಟರೆ ಒಂದು ಫ್ರೇಮ್ ಅಂದರೆ 0.017 ಸೆಕೆಂಡ್. ಮುಂದಿನ ಬಂಪರ್ ಗೆರೆ ದಾಟುವ ಫ್ರೇಮ್ ಹುಡುಕಿ ಬರೆದುಕೊಳ್ಳುವುದಷ್ಟೇ. 14 ಕಾರಿಗೆ ಮೂರು ರನ್ ಅಂದರೆ 42 ರನ್, ಸಂಜೆ ಇಬ್ಬರು ಕೂತರೆ ಮುಗಿಯುತ್ತದೆ. ಕಾರು ಗೆರೆಯ ಮೇಲೇ ನಿಂತು ಹೊರಡುವ ಬದಲು ಗೆರೆಗಿಂತ ಒಂದು ಮೀಟರ್ ಹಿಂದಿನಿಂದ ಹೊರಡಲಿ, ಆಗ ದಾಟಿದ ಕ್ಷಣ ಸ್ಪಷ್ಟವಾಗಿ ಸಿಗುತ್ತದೆ.

ಮುಂದಿನ ಸಲ ಹೊರಡುವ ಕ್ರಮವನ್ನೂ ಸುತ್ತಿನಿಂದ ಸುತ್ತಿಗೆ ತಿರುಗಿಸಿ, ಮೊದಲ ಸುತ್ತಿನ ಕೊನೆಯವರು ಎರಡನೆಯದರಲ್ಲಿ ಮೊದಲು ಹೋಗಲಿ. ಆಮೇಲೆ ಪಟ್ಟಿ ಕಳಿಸಿ, ಕಾರು ಬದಲಾಯಿಸಿದ ರನ್ನುಗಳನ್ನೂ ಸೇರಿಸಿ. ನಿಮ್ಮ ಕಾರಿನ ಟಯರ್ ಯಾವುದು, ಗಾಳಿ ಎಷ್ಟಿತ್ತು ಅಂತ ಈ ಸಲ ಬರೆದಿಲ್ಲ. ಬಿಳಿ ಸ್ವಿಫ್ಟಿನದ್ದೂ ಕೇಳಿ ಬರೆಯಿರಿ.